ನೂರು ದಾಟಿದ ಹುಡುಗರ ಶಾಲೆ: ಯಾವುದನ್ನು ಸಂಪ್ರದಾಯ ಎನ್ನಬೇಕು, ಯಾವುದನ್ನು ಬಿಡಬೇಕು?

ಹಳೆಯ ಹಾಸ್ಟೆಲಿಗ (ಚರ್ಚೆ ಆರಂಭಿಸಿದವರು):

ನಾನು ಓದಿದ್ದು ನೂರು ವರ್ಷ ದಾಟಿದ ಒಂದು ಹುಡುಗರ ವಸತಿ ಶಾಲೆಯಲ್ಲಿ. ಹೆಸರು ಹೇಳುವುದಿಲ್ಲ, ಏಕೆಂದರೆ ಹೇಳಿದ ಕೂಡಲೇ ಚರ್ಚೆ ವಿಷಯವನ್ನು ಬಿಟ್ಟು ಆ ಶಾಲೆಯ ಬೆನ್ನು ಹತ್ತುತ್ತದೆ. ಇನ್ನೆರಡು ವರ್ಷಗಳಲ್ಲಿ ಅಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಅದಕ್ಕೆ ಮೊದಲು ಉಳಿಸಿಕೊಳ್ಳಬೇಕಾದ ಸಂಪ್ರದಾಯಗಳ ಪಟ್ಟಿಯೊಂದನ್ನು ಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘವನ್ನು ಕೇಳಿದೆ. ಸಂಘವು ಆ ಕೆಲಸವನ್ನು ನಾಲ್ವರಿಗೆ ವಹಿಸಿದೆ, ಆ ನಾಲ್ವರಲ್ಲಿ ನಾನೊಬ್ಬ.

ಮೊದಲ ಸಭೆಯಲ್ಲಿಯೇ ಜಗಳವಾಯಿತು. ಸಂಸ್ಥಾಪಕರ ದಿನ, ಹುಡುಗರನ್ನು ಹಂಚಿದ ಹೌಸ್ ಎಂಬ ತಂಡಗಳ ನಡುವಿನ ರೋಲಿಂಗ್ ಟ್ರೋಫಿ, ಶಾಲಾಗೀತೆ, ಗೌರವ ಫಲಕದ ಮೇಲೆ ಹೆಸರು ಬರೆಸುವುದು, ಇವುಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಎರಡು ವಿಷಯಗಳಲ್ಲಿ. ಒಂದು, ಮುಖ್ಯ ಕಟ್ಟಡದ ಮುಂದಿನ ಹುಲ್ಲುಹಾಸನ್ನು ಕೊನೆಯ ವರ್ಷದ ಹುಡುಗರು ಮಾತ್ರ ತುಳಿಯಬಹುದು, ಉಳಿದವರೆಲ್ಲರೂ ಬಳಸಿಕೊಂಡು ಹೋಗಬೇಕು ಎಂಬ ನಿಯಮ. ಇನ್ನೊಂದು, ಹೊಸದಾಗಿ ಸೇರಿದ ಹುಡುಗರು ಮೊದಲ ಹದಿನೈದು ದಿನ ಸೀನಿಯರ್‌ಗಳ ಶೂ ಪಾಲಿಶ್ ಮಾಡಿ, ಅವರ ಹಾಸಿಗೆ ಸರಿಪಡಿಸಬೇಕು ಎಂಬ ರೂಢಿ. ಇಡಲೇಬೇಕೆಂದು ಇಬ್ಬರು, ತೆಗೆಯಲೇಬೇಕೆಂದು ಒಬ್ಬರು. ನಾನು ಮಧ್ಯದಲ್ಲಿ ಸುಮ್ಮನೆ ಕುಳಿತಿದ್ದೆ.

ಯಾವ ಅಳತೆಗೋಲಿನಿಂದ ಇದನ್ನು ನಿರ್ಧರಿಸಬೇಕು ಎಂಬುದು ನನ್ನ ಪ್ರಶ್ನೆ. ಹಳೆಯದಾಗಿದ್ದರೆ ಸಾಕೇ?

ಮೊದಲ ಬೆಂಚು:

ಶೂ ಪಾಲಿಶ್ ಸಂಪ್ರದಾಯವೋ ಅಲ್ಲವೋ ಎಂಬುದನ್ನು ಮಾಡಿಸಿಕೊಂಡವರನ್ನು ಕೇಳಬೇಡಿ, ಮಾಡಿದವರನ್ನು ಕೇಳಿ.

ಹಳೆಯ ಹಾಸ್ಟೆಲಿಗ:

ನಾನು ಮಾಡಿಯೂ ಇದ್ದೇನೆ, ಮಾಡಿಸಿಕೊಂಡೂ ಇದ್ದೇನೆ. ನನ್ನ ತೊಂದರೆ ಇರುವುದೇ ಅಲ್ಲಿ.

ಇತಿಹಾಸದ ಮೇಷ್ಟ್ರು:

ಮೂವತ್ತು ವರ್ಷ ಇಂಥದೇ ಒಂದು ಹುಡುಗರ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ನೀವು ಹೇಳುತ್ತಿರುವ ಶೂ ಪಾಲಿಶ್ ಪದ್ಧತಿಯ ಮೂಲ ಇಂಗ್ಲೆಂಡಿನ ಹಳೆಯ ಹುಡುಗರ ಶಾಲೆಗಳಲ್ಲಿದೆ. ಅಲ್ಲಿ ಅದನ್ನು ಫ್ಯಾಗಿಂಗ್ ಎನ್ನುತ್ತಿದ್ದರು. ವಿಂಚೆಸ್ಟರ್ 1382ರಲ್ಲಿ, ಈಟನ್ 1440ರಲ್ಲಿ ಸ್ಥಾಪನೆಯಾದವು. ಎರಡರಲ್ಲಿಯೂ ಎಪ್ಪತ್ತು ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ, ವಿದ್ಯೆ ಕೊಡುವುದು ಸಂಸ್ಥಾಪಕರ ಉದ್ದೇಶವಾಗಿತ್ತು. ಕಾಲ ಕಳೆದಂತೆ ಸಿರಿವಂತರ ಮಕ್ಕಳು ತುಂಬಿಕೊಂಡರು, ಆದರೆ ಶಿಕ್ಷಕರ ಸಂಖ್ಯೆ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಪಾಠ ಮುಗಿದ ಮೇಲೆ ಹುಡುಗರನ್ನು ನೋಡಿಕೊಳ್ಳುವವರೇ ಇರಲಿಲ್ಲ. ಆಗ ದೊಡ್ಡ ಹುಡುಗರು ಚಿಕ್ಕವರನ್ನು ಆಳತೊಡಗಿದರು. ನೀರು ತರುವುದು, ಬೆಂಕಿ ಹೊತ್ತಿಸುವುದು, ಬೂಟು ಒರೆಸುವುದು, ಹೇಳಿ ಕಳುಹಿಸಿದಲ್ಲಿಗೆ ಓಡುವುದು ಎಲ್ಲವೂ ಚಿಕ್ಕವರ ಪಾಲಾಯಿತು. ಯಾವ ಸಂಸ್ಥಾಪಕನೂ ಇದನ್ನು ನಿಯಮಾವಳಿಯಲ್ಲಿ ಬರೆದಿಟ್ಟು ಹೋಗಿರಲಿಲ್ಲ. ಆಳು ಇಲ್ಲದ ಜಾಗದಲ್ಲಿ ತಾನೇ ಹುಟ್ಟಿಕೊಂಡ ವ್ಯವಸ್ಥೆ ಅದು.

ಆ ಕಾಲದ ಹುಡುಗರು ವಿಧೇಯರಾಗಿದ್ದರು ಎಂದು ಭಾವಿಸಬೇಡಿ. 1797ರಲ್ಲಿ ರಗ್ಬಿ ಶಾಲೆಯ ಹುಡುಗರು ಮುಖ್ಯೋಪಾಧ್ಯಾಯರ ಬಾಗಿಲನ್ನು ಮದ್ದಿಟ್ಟು ಉಡಾಯಿಸಿದರು, ಅವರನ್ನು ಹತೋಟಿಗೆ ತರಲು ಸೈನಿಕರನ್ನು ಕರೆಸಬೇಕಾಯಿತು. 1818ರಲ್ಲಿ ವಿಂಚೆಸ್ಟರ್‌ನಲ್ಲಿಯೂ ದಂಗೆ ಸೈನಿಕರು ಬರುವವರೆಗೆ ಹೋಯಿತು. ಈ ಹಿನ್ನೆಲೆಯಲ್ಲಿ 1828ರಿಂದ 1842ರವರೆಗೆ ರಗ್ಬಿಯ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಅರ್ನಾಲ್ಡ್ ಮಾಡಿದ್ದನ್ನು ನೋಡಬೇಕು. ಅವರು ದೊಡ್ಡ ಹುಡುಗರ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ, ಅದನ್ನು ತಮಗೆ ಉತ್ತರ ಹೇಳಬೇಕಾದ ಹೊಣೆಯನ್ನಾಗಿ ಮಾಡಿದರು. ಇಂದು ನಮ್ಮ ಶಾಲೆಗಳಲ್ಲಿರುವ ಪ್ರಿಫೆಕ್ಟ್ ಎಂಬ ವಿದ್ಯಾರ್ಥಿ ನಾಯಕನ ಹುದ್ದೆಯ ವಂಶಾವಳಿಯನ್ನು ಹುಡುಕುತ್ತಾ ಹೋದರೆ ಅಲ್ಲಿಗೇ ಹೋಗಿ ನಿಲ್ಲುತ್ತೇವೆ. ಈಟನ್‌ನಲ್ಲಿ ಫ್ಯಾಗಿಂಗ್ 1980ರ ಹೊತ್ತಿಗೆ ಕೊನೆಗೊಂಡಿತು. ಅದನ್ನು ಹುಟ್ಟಿಸಿದವರೇ ಬಿಟ್ಟ ಮೇಲೆ, ಎರವಲು ತಂದ ನಾವು ಅಪ್ಪಿಕೊಂಡು ಕುಳಿತಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕ್ಯಾಪ್ಟನ್:

ಮೇಷ್ಟ್ರೇ, ನಿಮ್ಮ ಇತಿಹಾಸವನ್ನು ಒಪ್ಪುತ್ತೇನೆ, ನಿಮ್ಮ ತೀರ್ಮಾನವನ್ನು ಒಪ್ಪುವುದಿಲ್ಲ. ನಾನು ನನ್ನ ಶಾಲೆಯಲ್ಲಿ ಹೌಸ್ ಕ್ಯಾಪ್ಟನ್ ಆಗಿದ್ದವನು. ನನ್ನ ಮೊದಲ ವರ್ಷದಲ್ಲಿ ಒಬ್ಬ ದೊಡ್ಡ ಉದ್ಯಮಿಯ ಮಗನೂ ಗುಮಾಸ್ತರ ಮಗನಾದ ನಾನೂ ಒಂದೇ ಮೆಟ್ಟಿಲಿನ ಮೇಲೆ ಕುಳಿತು ಬೇರೆಯವರ ಶೂ ಒರೆಸಿದ್ದೇವೆ. ಮನೆಯಲ್ಲಿ ತನ್ನ ಲೋಟವನ್ನೂ ತಾನು ತೊಳೆಯದ ಹುಡುಗ ಅವನು. ಆ ಹದಿನೈದು ದಿನಗಳಲ್ಲಿ ನಮ್ಮಿಬ್ಬರ ನಡುವಿನ ಅಂತರ ಅಳಿಸಿಹೋಯಿತು. ಅಲ್ಲದೆ, ನಾನು ಯಾರ ಶೂ ಒರೆಸುತ್ತಿದ್ದೆನೋ ಆ ಸೀನಿಯರ್ ವರ್ಷವಿಡೀ ನನಗೆ ಅಣ್ಣನಂತಿದ್ದರು. ಲೆಕ್ಕ ಹೇಳಿಕೊಟ್ಟರು, ಜ್ವರ ಬಂದಾಗ ವಾರ್ಡನ್‌ರನ್ನು ಎಬ್ಬಿಸಿದರು. ನೀವು ಶೂ ಮಾತ್ರ ನೋಡುತ್ತಿದ್ದೀರಿ, ಅದರ ಹಿಂದಿದ್ದ ಕೊಡುಕೊಳ್ಳುವಿಕೆಯನ್ನು ನೋಡುತ್ತಿಲ್ಲ.

ಡೇ ಸ್ಕಾಲರ್:

ಕ್ಯಾಪ್ಟನ್ ಅವರೇ, ನಿಮಗೆ ಒಳ್ಳೆಯ ಸೀನಿಯರ್ ಸಿಕ್ಕಿದರು, ನಿಮ್ಮ ಪಕ್ಕದ ಮಂಚದವನಿಗೆ ಎಂಥವರು ಸಿಕ್ಕಿದ್ದರು? ಅದೃಷ್ಟದ ಮೇಲೆ ನಿಂತಿರುವುದನ್ನು ವ್ಯವಸ್ಥೆ ಎನ್ನಲು ಹೇಗೆ ಸಾಧ್ಯ? ಲೆಕ್ಕ ಹೇಳಿಕೊಡುವುದಕ್ಕೂ ಜ್ವರ ನೋಡಿಕೊಳ್ಳುವುದಕ್ಕೂ ಮೊದಲು ಶೂ ಒರೆಸಬೇಕಾದ ಅಗತ್ಯವೇನಿತ್ತು ಎಂಬುದನ್ನೂ ತಿಳಿಸಿ.

ಇನ್ನೊಂದು ಮಾತು. ನಾನು ಅದೇ ಬಗೆಯ ಶಾಲೆಗೆ ಮನೆಯಿಂದ ಓಡಾಡಿಕೊಂಡು ಓದಿದವನು. ಹಾಸ್ಟೆಲಿನವರು ಸಂಪ್ರದಾಯ ಎಂದು ಹೇಳುವುದರಲ್ಲಿ ಮುಕ್ಕಾಲು ಪಾಲು ಸಂಜೆ ಐದರ ನಂತರ ನಡೆಯುವಂಥದ್ದು. ಸಂಜೆಯ ಗಂಟೆ ಹೊಡೆದ ಕೂಡಲೇ ಸೈಕಲ್ ಹತ್ತುತ್ತಿದ್ದ ನಮಗೆ ಆ ಶಾಲೆಯ ಅರ್ಧ ಭಾಗ ಗೊತ್ತೇ ಇಲ್ಲ. ವಾರ್ಷಿಕ ಮಿಲನಕ್ಕೆ ಹೋದರೆ ಇಂದಿಗೂ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಹೆಸರಲ್ಲ, ಯಾವ ಹೌಸ್ ಎಂಬುದು. ಡೇ ಸ್ಕಾಲರ್ ಎಂದರೆ, ಓಹೋ ಎಂದು ಮುಂದಕ್ಕೆ ಹೋಗುತ್ತಾರೆ.

ಒಂದೇ ಮಾತು:

ಓಹೋ.

ಕಾನೂನು ಓದಿದವ:

ಭಾವನೆಗಳನ್ನು ಬದಿಗಿಟ್ಟು ಒಂದು ವಿಷಯವನ್ನು ನೆನಪಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ನಾಳೆ ಒಬ್ಬ ಪೋಷಕರು ದೂರು ಕೊಟ್ಟರೆ, ಇದು ನಮ್ಮ ಪರಂಪರೆ ಎಂಬ ಉತ್ತರ ಯಾವ ಅಧಿಕಾರಿಯ ಮುಂದೆಯೂ ನಿಲ್ಲುವುದಿಲ್ಲ. ಬೆತ್ತದ ಏಟು ಕೂಡ ಒಂದು ಕಾಲದಲ್ಲಿ ಈ ಶಾಲೆಗಳ ಹೆಮ್ಮೆಯೇ ಆಗಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರಿ ಶಾಲೆಗಳಿಂದ ಅದು 1987ರಲ್ಲಿ ಹೋಯಿತು, ಖಾಸಗಿ ಶಾಲೆಗಳಿಂದ ಹೋಗಲು 1999ರವರೆಗೆ ಕಾಯಬೇಕಾಯಿತು. ಶೀಲ ರೂಪಿಸುವುದೇ ಬೆತ್ತ ಎಂದು ಅದು ಹೋಗುವವರೆಗೂ ವಾದಿಸಿದವರಿದ್ದರು.

ಆಟದ ಮೈದಾನ:

ರಗ್ಬಿಯ ಹೆಸರು ಬಂದದ್ದರಿಂದ ನಾನೂ ಬಾಯಿ ಹಾಕುತ್ತೇನೆ. ಹಳೆಯದಾಗಿದ್ದರೆ ಸಾಕೇ ಎಂದು ಕೇಳಿದ್ದೀರಿ. ಅದಕ್ಕಿಂತ ಮೊದಲು, ನಾವು ಹಳೆಯದು ಎಂದು ನಂಬಿರುವುದು ನಿಜವಾಗಿಯೂ ಹಳೆಯದೇ ಎಂದು ಕೇಳಬೇಕು. 1823ರಲ್ಲಿ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ ಫುಟ್‌ಬಾಲ್ ಆಡುತ್ತಿದ್ದಾಗ ಚೆಂಡನ್ನು ಕೈಯಲ್ಲಿ ಹಿಡಿದು ಓಡಿದ, ರಗ್ಬಿ ಆಟ ಹುಟ್ಟಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1876ರಲ್ಲಿ, ಅಂದರೆ ಆ ಹುಡುಗ ಬೆಳೆದು ಪಾದ್ರಿಯಾಗಿ ತೀರಿಕೊಂಡ ಮೇಲೆ. 1895ರಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಗಳೇ ವಿಚಾರಣೆ ನಡೆಸಿದರು, ಕಣ್ಣಾರೆ ಕಂಡೆ ಎನ್ನುವ ಒಬ್ಬ ಸಾಕ್ಷಿಯೂ ಸಿಗಲಿಲ್ಲ. ಆದರೂ ಶಾಲೆಯ ಗೋಡೆಯಲ್ಲಿ ಕಲ್ಲಿನ ಫಲಕ ಎದ್ದಿತು. 1987ರಲ್ಲಿ ವಿಶ್ವಕಪ್ ಶುರುವಾದಾಗ ಕಪ್ಪಿಗೂ ಅವನದೇ ಹೆಸರು ಬಂತು.

ವಾಟರ್‌ಲೂ ಯುದ್ಧವನ್ನು ಗೆದ್ದದ್ದು ಈಟನ್ ಆಟದ ಮೈದಾನಗಳಲ್ಲಿ ಎಂದು, ಅಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಸೇನಾಪತಿ ವೆಲಿಂಗ್ಟನ್ ಹೇಳಿದರಂತೆ ಎಂಬ ಮಾತೂ ಇದೇ ಜಾತಿಯದು. ವೆಲಿಂಗ್ಟನ್ ತೀರಿಕೊಂಡದ್ದು 1852ರಲ್ಲಿ. ಆ ಅರ್ಥದ ಮಾತು ಅವರ ಹೆಸರಿಗೆ ಅಂಟಿಕೊಂಡದ್ದು ಅದಾದ ಮೇಲೆ. ಈಟನ್‌ನಲ್ಲಿ ಓದಿದ ಕೆಲವೇ ವರ್ಷಗಳು ಅವರಿಗೆ ಸುಖದ ವರ್ಷಗಳೇನೂ ಆಗಿರಲಿಲ್ಲ.

ಇತಿಹಾಸದ ಮೇಷ್ಟ್ರು:

ಸರಿಯಾಗಿ ಹೇಳಿದಿರಿ. ಒಂದು ಸೇರ್ಪಡೆ: 1845ರಲ್ಲಿ ರಗ್ಬಿ ಆಟದ ನಿಯಮಗಳನ್ನು ಮೊದಲ ಬಾರಿಗೆ ಬರೆದಿಟ್ಟವರು ಆ ಶಾಲೆಯ ವಿದ್ಯಾರ್ಥಿಗಳೇ, ಮೇಷ್ಟರುಗಳಲ್ಲ. ಅದಕ್ಕೆ ದಾಖಲೆಯಿದೆ. ದಾಖಲೆ ಇರುವ ಆ ಹುಡುಗರನ್ನು ಬಿಟ್ಟು, ಸಾಕ್ಷಿ ಇಲ್ಲದ ಒಬ್ಬನಿಗೆ ಕಲ್ಲು ನೆಟ್ಟರು. ಕುಳಿತು ನಿಯಮ ಬರೆಯುವವನಿಗಿಂತ ಚೆಂಡು ಹಿಡಿದು ಓಡುವವನ ಚಿತ್ರ ಹೆಚ್ಚು ಚಂದ, ಏನು ಮಾಡುವುದು!

ನಿಮ್ಮ ಹುಲ್ಲುಹಾಸಿನ ವಿಷಯಕ್ಕೆ ಬರುತ್ತೇನೆ. ನಾನು ಕಲಿಸಿದ ಶಾಲೆಯಲ್ಲಿಯೂ ಅಂಥದೇ ಒಂದು ಹುಲ್ಲುಹಾಸಿತ್ತು, ಅಲ್ಲಿಯೂ ಕೊನೆಯ ವರ್ಷದವರಿಗೆ ಮಾತ್ರ ಪ್ರವೇಶ. ಸಂಸ್ಥಾಪಕರ ಕಾಲದಿಂದ ಬಂದದ್ದು ಎಂದು ಹುಡುಗರು ಹೊಸಬರಿಗೆ ಗಂಭೀರವಾಗಿ ಹೇಳುತ್ತಿದ್ದರು. ಶಾಲೆಯ ಹಳೆಯ ಕಡತಗಳನ್ನು ಜೋಡಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಸುತ್ತೋಲೆ ಸಿಕ್ಕಿತು. ಹೊಸದಾಗಿ ಹುಲ್ಲು ನೆಟ್ಟಿರುವುದರಿಂದ ಈ ಮಳೆಗಾಲ ಮುಗಿಯುವವರೆಗೆ ವಿದ್ಯಾರ್ಥಿಗಳು ಅದರ ಮೇಲೆ ನಡೆಯಬಾರದು, ಕೊನೆಯ ವರ್ಷದವರು ಕಾವಲು ನೋಡಿಕೊಳ್ಳಬೇಕು ಎಂದಷ್ಟೇ ಅದರಲ್ಲಿತ್ತು. ಕಾವಲಿಗೆ ನಿಂತವರು ಹುಲ್ಲಿನ ಮೇಲೆಯೇ ನಿಂತರು. ಮಳೆಗಾಲ ಮುಗಿಯಿತು, ಸುತ್ತೋಲೆ ಕಡತ ಸೇರಿತು, ಕಾವಲುಗಾರರು ಮಾತ್ರ ಕೆಳಗಿಳಿಯಲಿಲ್ಲ.

ಮೊದಲ ಬೆಂಚು:

ಮೇಷ್ಟ್ರೇ, ಇದನ್ನು ಹುಡುಗರಿಗೆ ಹೇಳಿದಿರಾ?

ಇತಿಹಾಸದ ಮೇಷ್ಟ್ರು:

ಅಸೆಂಬ್ಲಿಯಲ್ಲಿಯೇ ಓದಿ ಹೇಳಿದೆ. ನಕ್ಕರು, ಚಪ್ಪಾಳೆ ತಟ್ಟಿದರು, ಮರುದಿನ ಎಂದಿನಂತೆ ಬಳಸಿಕೊಂಡು ಹೋದರು.

ಕ್ಯಾಪ್ಟನ್:

ಹುಡುಗರು ಮಾಡಿದ್ದು ಸರಿ. ಮೂಲ ಎಲ್ಲಿಯದಾದರೇನು? ನಾಲ್ಕು ವರ್ಷ ಬಳಸಿಕೊಂಡು ಹೋದವನಿಗೆ ಐದನೆಯ ವರ್ಷದ ಮೊದಲ ದಿನ ಆ ಹುಲ್ಲಿನ ಮೇಲೆ ಕಾಲಿಡುವಾಗ ಆಗುವುದು ಸುತ್ತೋಲೆಯಲ್ಲಿ ಸಿಗುವುದಿಲ್ಲ. ಯಾರಿಗೂ ನೋವು ಮಾಡದ ನಿಯಮಗಳನ್ನೂ ದಾಖಲೆ ಕೇಳಿ ಕಿತ್ತುಹಾಕುತ್ತಾ ಹೋದರೆ ಕೊನೆಗೆ ಉಳಿಯುವುದು ಕಟ್ಟಡ ಮತ್ತು ವೇಳಾಪಟ್ಟಿ.

ನೀವೆಲ್ಲರೂ ಸೀನಿಯರ್, ಜೂನಿಯರ್ ಎಂದು ಅಲ್ಲೇ ಸುತ್ತುತ್ತಿದ್ದೀರಿ. ಸಂಪ್ರದಾಯ ಎಂದರೆ ಸತ್ತವರ ಜೊತೆಗಿನ ಸಂಬಂಧವೂ ಹೌದು. ವಿಂಚೆಸ್ಟರ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ಐನೂರು ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಕೆತ್ತಿದ ಒಂದು ಮೊಗಸಾಲೆಯಿದೆ. ನಮ್ಮ ದೆಹಲಿಯ ಸಚಿವಾಲಯ ಕಟ್ಟಡಗಳ ವಿನ್ಯಾಸಕಾರ ಹರ್ಬರ್ಟ್ ಬೇಕರ್ ಅದನ್ನು ರೂಪಿಸಿದರು, 1924ರಲ್ಲಿ ತೆರೆಯಿತು. ವರ್ಷಕ್ಕೊಮ್ಮೆ ಹೂವಿಟ್ಟು ಬರುವ ಸ್ಮಾರಕವಲ್ಲ ಅದು. ಹುಡುಗರು ತರಗತಿಗೆ ಹೋಗುವ ದಾರಿಯಲ್ಲಿಯೇ ಇದೆ. ಲಖನೌದ ಲಾ ಮಾರ್ಟಿನಿಯರ್ ಶಾಲೆಯಲ್ಲಿ ಇಂದಿಗೂ ಸೆಪ್ಟೆಂಬರ್ 13ರಂದು ಸಂಸ್ಥಾಪಕರ ದಿನ ನಡೆಯುತ್ತದೆ, 1800ರಲ್ಲಿ ಕ್ಲಾಡ್ ಮಾರ್ಟಿನ್ ತೀರಿಕೊಂಡ ದಿನ ಅದು. ಹುಟ್ಟಿದ ದಿನವನ್ನಲ್ಲ, ತೀರಿಕೊಂಡ ದಿನವನ್ನು ನೆನೆಯುತ್ತಾರೆ. ಇದರಲ್ಲಿ ಯಾರ ಶೂ ಯಾರು ಒರೆಸಿದರು?

ಡೇ ಸ್ಕಾಲರ್:

ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ನೀವು ಶೂಗಳನ್ನು ಸಮರ್ಥಿಸಲು ಹೋಗಿ ಸ್ಮಾರಕವನ್ನು ಅಡ್ಡ ಹಿಡಿಯುತ್ತಿದ್ದೀರಿ ಎಂಬುದನ್ನು ಗಮನಿಸಿದ್ದೇನೆ.

ಹಳೆಯ ಹಾಸ್ಟೆಲಿಗ:

ಜಗಳ ಬೇಡ, ನಮ್ಮ ಸಭೆಯಲ್ಲಿ ಅದು ಸಾಕಷ್ಟು ಆಗಿದೆ. ಹೌಸ್‌ಗಳ ಬಗ್ಗೆ ಯಾರಾದರೂ ಹೇಳಿ. ಹೆಣ್ಣುಮಕ್ಕಳು ಬಂದಾಗ ಅವರಿಗೆ ಪ್ರತ್ಯೇಕ ಹೌಸ್ ಮಾಡಬೇಕೆಂದು ಒಬ್ಬರು, ಇರುವ ನಾಲ್ಕರಲ್ಲಿಯೇ ಹಂಚಬೇಕೆಂದು ಇನ್ನೊಬ್ಬರು ಹಟ ಹಿಡಿದಿದ್ದಾರೆ.

ಇತಿಹಾಸದ ಮೇಷ್ಟ್ರು:

ಹೌಸ್ ಎಂದರೆ ಮೊದಲು ಬರೀ ಮನೆ. ಪಟ್ಟಣದ ಯಾವುದೋ ಮನೆಯಲ್ಲಿ ಹುಡುಗರು ಊಟ, ವಸತಿಗೆ ಇರುತ್ತಿದ್ದರು, ಕಾಲಕ್ರಮೇಣ ಶಿಕ್ಷಕರೇ ಅಂಥ ಮನೆಗಳನ್ನು ನಡೆಸತೊಡಗಿದರು. ಹೌಸ್ ಮಾಸ್ಟರ್ ಎಂಬ ಪದ ಬಂದದ್ದು ಹಾಗೆ. ಅಜ್ಮೀರ್‌ನ ಮೇಯೋ ಕಾಲೇಜಿನಲ್ಲಿ ಇದು ಇನ್ನೂ ಸ್ವಾರಸ್ಯಕರ ರೂಪ ಪಡೆಯಿತು. 1875ರಲ್ಲಿ ಅದು ಆರಂಭವಾದಾಗ ರಜಪೂತ ಸಂಸ್ಥಾನಗಳು ತಮ್ಮ ತಮ್ಮ ರಾಜಕುಮಾರರಿಗಾಗಿ ತಮ್ಮದೇ ಖರ್ಚಿನಲ್ಲಿ ಹೌಸ್‌ಗಳನ್ನು ಕಟ್ಟಿಸಿದವು. ಜೈಪುರದ ಹುಡುಗ ಜೈಪುರ ಹೌಸ್, ಜೋಧಪುರದವನು ಜೋಧಪುರ ಹೌಸ್. ಮೊದಲ ವಿದ್ಯಾರ್ಥಿ ಅಲ್ವರ್‌ನ ಮಹಾರಾಜ ಆನೆಗಳ, ಪರಿವಾರದ ಸಮೇತ ಶಾಲೆಗೆ ಬಂದರು. ಇಂದು ಆ ಹೌಸ್‌ಗಳಲ್ಲಿ ಯಾವ ಊರಿನವರು ಬೇಕಾದರೂ ಇರುತ್ತಾರೆ, ಹೆಸರು ಮಾತ್ರ ಉಳಿದಿದೆ. ಯಾರು ಒಳಗಿರಬಹುದು ಎಂಬುದು ಪೂರ್ತಿ ಬದಲಾದರೂ ಹೌಸ್ ಅಳಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದ್ದರಿಂದ ಮಲಗುವ ಕಟ್ಟಡ ಬೇರೆ ಇರಲಿ, ಹೌಸ್ ಒಂದೇ ಇರಲಿ ಎಂಬುದು ನನ್ನ ಸಲಹೆ.

ಏಕೈಕ ಮೇಡಂ:

ಹದಿನಾಲ್ಕು ವರ್ಷ ಹುಡುಗರ ಶಾಲೆಯೊಂದರ ಹಿರಿಯ ವಿಭಾಗದಲ್ಲಿ ನಾನೊಬ್ಬಳೇ ಮಹಿಳಾ ಶಿಕ್ಷಕಿ. ಮೊದಲ ದಿನ ತರಗತಿಗೆ ಕಾಲಿಟ್ಟಾಗ ನಲವತ್ತು ಹುಡುಗರು ಎದ್ದು ನಿಂತು ಒಂದೇ ಸ್ವರದಲ್ಲಿ “ಗುಡ್ ಮಾರ್ನಿಂಗ್ ಸರ್” ಎಂದರು. ಕೀಟಲೆಯಲ್ಲ, ಅಭ್ಯಾಸ. ತಮ್ಮ ಬಾಯಿಂದ ಬಂದದ್ದನ್ನು ಕೇಳಿ ಅವರೇ ಗಾಬರಿಯಾದರು. ಸರಿಯಾಗಲು ಒಂದು ತಿಂಗಳು ಬೇಕಾಯಿತು. ಒಬ್ಬ ಹುಡುಗ ಮಾತ್ರ ಶಾಲೆ ಬಿಡುವವರೆಗೂ ನನ್ನನ್ನು ಸರ್ ಎಂದೇ ಕರೆದ, ಈಗಲೂ ಫೋನ್ ಮಾಡಿದರೆ ಹಾಗೆಯೇ ಕರೆಯುತ್ತಾನೆ.

ಆ ಕಟ್ಟಡದಲ್ಲಿ ಮಹಿಳೆಯರಿಗೆ ಶೌಚಾಲಯವಿರಲಿಲ್ಲ. ನೂರು ವರ್ಷಗಳ ಇತಿಹಾಸವುಳ್ಳ ಆ ಕಟ್ಟಡಕ್ಕೆ ನನ್ನಂಥವಳೊಬ್ಬಳು ಬರಬಹುದೆಂಬ ಊಹೆಯೇ ಇರಲಿಲ್ಲ. ಪ್ರತಿ ಬಾರಿಯೂ ಕಚೇರಿಯ ಕಟ್ಟಡದವರೆಗೆ ನಡೆದು ಹೋಗುತ್ತಿದ್ದೆ. ನಿಮ್ಮ ಸಮಿತಿಯ ನಾಲ್ವರಲ್ಲಿ ಮಹಿಳೆ ಯಾರಾದರೂ ಇದ್ದಾರೆಯೇ? ಹಳೆಯ ವಿದ್ಯಾರ್ಥಿಗಳ ಸಂಘವಾದ್ದರಿಂದ ಇರಲು ಸಾಧ್ಯವಿಲ್ಲ ಎಂದು ಗೊತ್ತು, ಆದರೂ ಕೇಳುತ್ತೇನೆ. ಗೀತೆ, ಟ್ರೋಫಿ, ಹುಲ್ಲು ಎಲ್ಲವನ್ನೂ ಚರ್ಚಿಸಿದ್ದೀರಿ, ಕಟ್ಟಡದ ಬಗ್ಗೆ ಒಂದು ಮಾತಿಲ್ಲ.

ಇಂಗ್ಲೆಂಡಿನ ಉದಾಹರಣೆಗಳೇ ಬೇಕಿದ್ದರೆ, ರಗ್ಬಿ ಶಾಲೆ 1990ರ ದಶಕದಲ್ಲಿ ಎಲ್ಲ ತರಗತಿಗಳಿಗೂ ಹುಡುಗಿಯರನ್ನು ಸೇರಿಸಿಕೊಂಡಿತು. 1995ರಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗಿಯನ್ನು ವಿದ್ಯಾರ್ಥಿಗಳ ಮುಖ್ಯಸ್ಥೆಯನ್ನಾಗಿ ಆರಿಸಿದಾಗ ಕೆಲವು ಹುಡುಗರು ಪ್ರತಿಭಟನೆ ಮಾಡಿದ್ದರು. ವಿಂಚೆಸ್ಟರ್ ತನ್ನ ಕೊನೆಯ ಎರಡು ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದು 2022ರಲ್ಲಿ, ಸ್ಥಾಪನೆಯಾದ 640 ವರ್ಷಗಳ ಮೇಲೆ. ನಿಮ್ಮದು ನಿಧಾನವೇನಲ್ಲ, ಧೈರ್ಯವಾಗಿರಿ.

ಹಳೆಯ ಹಾಸ್ಟೆಲಿಗ:

ಮೇಡಂ, ಕಟ್ಟಡದ ಮಾತು ನಮ್ಮ ಯಾರ ತಲೆಗೂ ಬಂದಿರಲಿಲ್ಲ, ನಾಚಿಕೆಯಾಗುತ್ತಿದೆ. ಗೀತೆಯ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ನಮ್ಮ ಶಾಲಾಗೀತೆಯ ಪಲ್ಲವಿಯಲ್ಲಿಯೇ ಹುಡುಗರು ಎಂಬ ಪದವಿದೆ. ಬದಲಿಸಿದರೆ ಪ್ರಾಸ ಕೆಡುತ್ತದೆ ಎಂದು ಹಿರಿಯರೊಬ್ಬರು ಅಳುವುದೊಂದು ಬಾಕಿ.

ಏಕೈಕ ಮೇಡಂ:

ಹೆಣ್ಣುಮಕ್ಕಳು ಮೊದಲ ವರ್ಷ ಹಾಗೆಯೇ ಹಾಡಲಿ. ಎರಡನೆಯ ವರ್ಷ ಅವರೇ ಸರಿಯಾದ ಪದ ಹುಡುಕುತ್ತಾರೆ, ಪ್ರಾಸವನ್ನೂ ಕೂಡಿಸುತ್ತಾರೆ.

ಗಂಟೆಯ ಮಗ:

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನನ್ನ ತಂದೆ ಇಂಥದೇ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಗಂಟೆ ಬಾರಿಸಿದರು. ನೌಕರರ ಮಕ್ಕಳಿಗೆ ಶುಲ್ಕ ವಿನಾಯಿತಿ ಇದ್ದುದರಿಂದ ನಾನೂ ಅಲ್ಲಿಯೇ ಓದಿದೆ. ಬೆಳಿಗ್ಗೆ ಐದೂವರೆಗೆ ಹುಡುಗರನ್ನು ಎಬ್ಬಿಸುವ ಗಂಟೆ ಮೊದಲನೆಯದು, ರಾತ್ರಿ ದೀಪ ಆರಿಸುವ ಗಂಟೆ ಕೊನೆಯದು. ನಿಮ್ಮೆಲ್ಲರ ಸಂಪ್ರದಾಯ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲು ನಮ್ಮ ಮನೆಯಲ್ಲಿ ದೀಪ ಹತ್ತುತ್ತಿತ್ತು.

ಕೊನೆಯ ವರ್ಷದ ಹುಡುಗರು ಶಾಲೆ ಬಿಡುವ ದಿನ ಒಬ್ಬೊಬ್ಬರಾಗಿ ಬಂದು ಗಂಟೆಯನ್ನು ಒಂದು ಸಾರಿ ಬಾರಿಸುವ ರೂಢಿ ಅಲ್ಲಿತ್ತು. ಎಲ್ಲರೂ ಬಾರಿಸಿ ಮುಗಿಸುವವರೆಗೆ ನನ್ನ ತಂದೆ ಹಗ್ಗದ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ಶಾಲೆಯ ಹಳೆಯ ಆಲ್ಬಮ್‌ಗಳಲ್ಲಿ ಆ ಸಂದರ್ಭದ ಚಿತ್ರಗಳು ಪ್ರತಿ ವರ್ಷದವೂ ಇವೆ. ಹೆಚ್ಚಿನವುಗಳಲ್ಲಿ ಅಪ್ಪನ ಮೊಣಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ನಾನು ಶಾಲೆ ಬಿಟ್ಟ ದಿನ ನನ್ನ ಸರದಿ ಬಂದಾಗ ಅವರು ಹಗ್ಗವನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ ಎಳೆ, ಜೋರಾಗಿ ಎಳೆದರೆ ಎರಡು ಸಲ ಹೊಡೆಯುತ್ತದೆ ಎಂದರು. ಉಳಿದ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ, ಆದ್ದರಿಂದ ಎಲ್ಲರದೂ ಎರಡು ಸಲ ಹೊಡೆದಿತ್ತು, ನನ್ನದು ಮಾತ್ರ ಒಂದು ಸಲ.

ಕ್ಯಾಪ್ಟನ್ ಅವರು ಶೂ ಒರೆಸಿದ ಹದಿನೈದು ದಿನ ಅಂತರ ಅಳಿಸಿತು ಎಂದು ಬರೆದಿದ್ದಾರೆ. ಅವರ ಅನುಭವವನ್ನು ಅಲ್ಲಗಳೆಯುವುದಿಲ್ಲ. ಹದಿನಾರನೆಯ ದಿನ ನಿಮ್ಮಿಬ್ಬರಿಗೂ ಅದು ಮುಗಿದಿತ್ತು ಎಂಬುದನ್ನಷ್ಟೇ ಗಮನಕ್ಕೆ ತರುತ್ತೇನೆ.

ಕ್ಯಾಪ್ಟನ್:

ಗಂಟೆಯ ಮಗ ಅವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಉತ್ತರ ಕೊಡಲು ನನ್ನಲ್ಲಿ ಏನೂ ಇಲ್ಲ. ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದವರ ಹೆಸರನ್ನು ನೆನಪಿಸಿಕೊಳ್ಳಲು ಬೆಳಗಿನಿಂದ ಪ್ರಯತ್ನಿಸುತ್ತಿದ್ದೇನೆ.

ಆಟದ ಮೈದಾನ:

ಗೌರವ ಫಲಕಗಳ ಬಗ್ಗೆ ಒಂದು ಮಾತು. ಹ್ಯಾರೋ ಶಾಲೆಯ ಅತಿ ಹಳೆಯ ತರಗತಿಯ ಮರದ ಗೋಡೆಗಳ ತುಂಬ ಹುಡುಗರು ಚಾಕುವಿನಿಂದ ಕೆತ್ತಿದ ಹೆಸರುಗಳಿವೆ, ಅವುಗಳಲ್ಲಿ ಕವಿ ಬೈರನ್‌ನದೂ ಒಂದು. ಬೈರನ್ ದೊಡ್ಡವನಾದ ಮೇಲೆ ಆ ಗೀಚು ಪರಂಪರೆಯಾಯಿತು, ಈಗ ಜನ ನೋಡಲು ಬರುತ್ತಾರೆ. ನಾನು ಬೆಂಚಿನ ಮೇಲೆ ಹೆಸರು ಕೆತ್ತಿದ್ದಕ್ಕೆ ಹೊಸ ಬೆಂಚಿನ ಹಣ ಕಟ್ಟಬೇಕಾಯಿತು.

ಒಂದೇ ಮಾತು:

ಕವಿತೆ ಬರೆಯಬೇಕಿತ್ತು.

ತಾಯಿಯೊಬ್ಬಳು:

ನಾನು ಹಳೆಯ ವಿದ್ಯಾರ್ಥಿಯೂ ಅಲ್ಲ, ಶಿಕ್ಷಕಿಯೂ ಅಲ್ಲ. ನನ್ನ ಮಗ ಇಂಥದೇ ಒಂದು ಹುಡುಗರ ಹಾಸ್ಟೆಲಿನಲ್ಲಿ ಏಳನೆಯ ತರಗತಿಯಲ್ಲಿದ್ದಾನೆ. ಮೇಲಿನದೆಲ್ಲವನ್ನೂ ಓದಿದೆ. ಐವತ್ತು ವರ್ಷ ಹಿಂದಿನವರು ಬಂದರು, ಐನೂರು ವರ್ಷ ಹಿಂದಿನವರೂ ಬಂದರು. ಈಗ ಅಲ್ಲಿ ಮಲಗಿ ಏಳುತ್ತಿರುವ ಮಕ್ಕಳನ್ನು ಯಾರಾದರೂ ಕೇಳಿದಿರಾ? ಪಟ್ಟಿ ಅವರಿಗಾಗಿ ತಾನೆ?

ಮಗ ಸೇರಿದ ಮೊದಲ ವಾರ ಫೋನಿನಲ್ಲಿ ಬರೀ ಹೂಂ, ಉಹೂಂ ಎನ್ನುತ್ತಿದ್ದ. ಅಲ್ಲಿ ಏನು ನಡೆಯುತ್ತಿದೆ ಎಂದು ಊಹಿಸುತ್ತಾ ನಾನು ನಿದ್ದೆ ಮಾಡಿರಲಿಲ್ಲ. ಕ್ಯಾಪ್ಟನ್ ಅವರಿಗೆ ಅಣ್ಣನಂಥ ಸೀನಿಯರ್ ಸಿಕ್ಕಿದರು ಎಂದು ಓದಿ ಸಂತೋಷವಾಯಿತು, ಆದರೆ ಅದು ಮನೆಯಲ್ಲಿ ಕುಳಿತ ತಾಯಿಗೆ ಮೊದಲೇ ಗೊತ್ತಾಗುವ ವಿಷಯವಲ್ಲ.

ಇತಿಹಾಸದ ಮೇಷ್ಟ್ರು:

ಅಮ್ಮಾ, ನಾವು ಯಾರೂ ಕೇಳದ ಪ್ರಶ್ನೆಯನ್ನು ನೀವು ಕೇಳಿದಿರಿ. ಇದಕ್ಕೆ ಮೇಲ್ಪಂಕ್ತಿಯೂ ಇದೆ. ಆರನೆಯ ಎಡ್ವರ್ಡ್ 1552ರಲ್ಲಿ ಸ್ಥಾಪಿಸಿದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ ಇಂದಿಗೂ ಮಕ್ಕಳು ಉದ್ದನೆಯ ನೀಲಿ ನಿಲುವಂಗಿ ಮತ್ತು ಹಳದಿ ಕಾಲುಚೀಲ ತೊಡುತ್ತಾರೆ. ಅನಾಥರಿಗೂ ಬಡಮಕ್ಕಳಿಗೂ ಕೊಟ್ಟ ಉಡುಪು ಅದು. ಕೆಲವು ವರ್ಷಗಳ ಹಿಂದೆ ಬದಲಿಸೋಣವೇ ಎಂದು ವಿದ್ಯಾರ್ಥಿಗಳನ್ನೇ ಕೇಳಿದಾಗ ಬಹುಪಾಲು ಮಕ್ಕಳು ಬೇಡ, ಇದೇ ಇರಲಿ ಎಂದರು. ದೊಡ್ಡವರು ಹೇರಿದ್ದರೆ ಅದೇ ಉಡುಪು ಹಿಂಸೆಯಾಗಿ ಕಾಣುತ್ತಿತ್ತೇನೋ.

ಕಾನೂನು ಓದಿದವ:

ಕೇಳುವುದಾದರೆ ಹೆಸರು ಬರೆಸದೆ ಕೇಳಿ, ಮತ್ತು ಪ್ರಿಫೆಕ್ಟ್‌ಗಳ ಕೈಯಲ್ಲಿ ಚೀಟಿ ಸಂಗ್ರಹಿಸಬೇಡಿ. ಇಲ್ಲದಿದ್ದರೆ ಎಲ್ಲ ಚೀಟಿಗಳಲ್ಲಿಯೂ ಒಂದೇ ಉತ್ತರ ಬರುತ್ತದೆ.

ಹಳೆಯ ಹಾಸ್ಟೆಲಿಗ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಪ್ರಾಂಶುಪಾಲರ ಒಪ್ಪಿಗೆ ಪಡೆದು, ಹೆಸರಿಲ್ಲದ ಚೀಟಿಗಳಲ್ಲಿ ಹುಡುಗರನ್ನು ಎರಡೇ ಪ್ರಶ್ನೆ ಕೇಳಿದೆವು: ನಮ್ಮ ಶಾಲೆಯ ಯಾವ ಪದ್ಧತಿ ಹೋದರೆ ನಿಮಗೆ ಬೇಸರವಾಗುತ್ತದೆ, ಯಾವುದು ಹೋದರೆ ಸಂತೋಷವಾಗುತ್ತದೆ? ಚೀಟಿಗಳನ್ನು ಗ್ರಂಥಪಾಲಕರು ಸಂಗ್ರಹಿಸಿದರು.

ಶೂ ಪಾಲಿಶ್ ಹೋಗಲಿ ಎಂದು ಕಿರಿಯರು ಬರೆದದ್ದರಲ್ಲಿ ಆಶ್ಚರ್ಯವಿಲ್ಲ, ಹಿರಿಯ ಹುಡುಗರಲ್ಲಿ ಹಲವರೂ ಅದನ್ನೇ ಬರೆದಿದ್ದರು. ನಾವು ತಕರಾರಿಲ್ಲದೆ ಒಪ್ಪಿದ್ದ ಗೌರವ ಫಲಕವನ್ನು ಉಳಿಸಿ ಎಂದು ಬರೆದವರು ಬೆರಳೆಣಿಕೆಯಷ್ಟು ಜನ. ಹೆಚ್ಚಿನ ಚೀಟಿಗಳಲ್ಲಿ ಬಂದದ್ದು ನಮಗೆ ನಾಲ್ವರಿಗೂ ಗೊತ್ತೇ ಇಲ್ಲದ ಒಂದು ಸಂಗತಿ. ಅದನ್ನು ಅವರು ‘ಪಕ್ಕದ ಮಂಚ’ ಎನ್ನುತ್ತಾರೆ. ಹೊಸ ಹುಡುಗ ಸೇರಿದ ಮೊದಲ ಹದಿನೈದು ದಿನ, ಎರಡನೆಯ ವರ್ಷದ ಒಬ್ಬ ತನ್ನ ಮಂಚವನ್ನು ಎಳೆದು ತಂದು ಅವನ ಪಕ್ಕದಲ್ಲಿ ಹಾಕಿಕೊಂಡು ಮಲಗುತ್ತಾನೆ. ಮಾತನಾಡಿಸಲೇಬೇಕೆಂದಿಲ್ಲ. ರಾತ್ರಿ ಅಳು ಬಂದರೆ ಅಳಲು ಬಿಡಬೇಕು, ಬೆಳಿಗ್ಗೆ ಅದನ್ನು ಯಾರಿಗೂ ಹೇಳಬಾರದು. ಇದಿಷ್ಟೇ ನಿಯಮ. ತಲೆತಲಾಂತರದಿಂದ ಬಂದದ್ದು ಎಂದು ಹಲವರು ಬರೆದಿದ್ದರು. ವಿಚಾರಿಸಿದಾಗ, ಶುರುವಾಗಿ ಎಂಟು ವರ್ಷವಾಗಿದೆ ಎಂದು ವಾರ್ಡನ್ ತಿಳಿಸಿದರು. ಯಾರು ಶುರು ಮಾಡಿದರು ಎಂಬುದು ಅವರಿಗೂ ನೆನಪಿಲ್ಲ.

ಎಂಟೇ ವರ್ಷದ್ದನ್ನು ಸಂಪ್ರದಾಯದ ಪಟ್ಟಿಗೆ ಹೇಗೆ ಸೇರಿಸುವುದು ಎಂದು ಸಭೆಯಲ್ಲಿ ಒಂದೂವರೆ ಗಂಟೆ ವಾದ ನಡೆಯಿತು. ಕೊನೆಗೆ ಅದನ್ನು ಮೊದಲನೆಯದಾಗಿ ಬರೆದೆವು. ಶೂ ಪಾಲಿಶ್ ಪಟ್ಟಿಯಲ್ಲಿಲ್ಲ. ಕಟ್ಟಡದ ಬಗ್ಗೆ ಒಂದು ಪುಟದ ಟಿಪ್ಪಣಿ ಸೇರಿಸಿದ್ದೇವೆ, ಮೇಡಂ, ಅದು ನಿಮ್ಮದೇ.

ತಾಯಿಯೊಬ್ಬಳು:

ಇವತ್ತು ಮಗನಿಗೆ ಫೋನ್ ಮಾಡಿದಾಗ, ನಿನ್ನ ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ಕೇಳುತ್ತೇನೆ.

ಮೊದಲ ಬೆಂಚು:

ಹುಲ್ಲುಹಾಸಿನ ಗತಿ ಏನಾಯಿತು?

ಹಳೆಯ ಹಾಸ್ಟೆಲಿಗ:

ಮುಂದಿನ ಸಭೆಗೆ ಮುಂದೂಡಲಾಗಿದೆ.

ಗಂಟೆಯ ಮಗ:

ಆ ಸಭೆಗೆ ಹುಲ್ಲಿಗೆ ನೀರು ಹಾಯಿಸುವವರನ್ನೂ ಕರೆಯಿರಿ.

ಕ್ಯಾಪ್ಟನ್:

ಅವರ ಹೆಸರನ್ನೂ ಬರೆದುಕೊಳ್ಳಿ.